ಕಿಟಕಿಗೆ ಹಿಡಿದ ಮೂರು ದಾರ

"ಇಲ್ಲಿ ನೀವು ಬದುಕ್ತಾ ಇಲ್ಲ ಅಣ್ಣ, ಬರೀ ಬಾಡಿಗೆ ಕಟ್ತಾ ಇದೀರಿ," ಎಂದ ರೇಡಿಯೋ.

ರೇಡಿಯೋ ಎಂದರೆ ನನ್ನ ಷಡ್ಡಕ, ಹೆಂಡತಿಯ ತಂಗಿಯನ್ನು ಕಟ್ಟಿಕೊಂಡವನು. ಮಾತಿಗೆ ಶುರುವಿಟ್ಟುಕೊಂಡರೆ ಆರಿಸುವ ಗುಂಡಿ ಇಲ್ಲವಾದ್ದರಿಂದ ಮನೆಮಂದಿ ಇಟ್ಟ ಹೆಸರು ಅದು. ರೈಲಿನಲ್ಲಿ ಒಂದು ಹಗಲು ದೂರದ ಚಿಕ್ಕ ಊರಿನಲ್ಲಿ, ನೆಲಕ್ಕೆ ಹಾಸುವ ಟೈಲ್ಸ್ ಅಂಗಡಿಯಲ್ಲಿ ಅವನ ಕೆಲಸ. ಸರಕು ನೋಡಲು ನಾವಿದ್ದ ದೊಡ್ಡ ಊರಿಗೆ ಬಂದವನು ಅರವತ್ತೆರಡು ಮೆಟ್ಟಿಲು ಹತ್ತಿ, ನಮ್ಮ ಕೋಣೆಯ ಒಂದೇ ಕುರ್ಚಿಯಲ್ಲಿ ಏದುಸಿರು ಬಿಡುತ್ತಾ ಕೂತಿದ್ದ. ಅವನ ಮೊಣಕಾಲು ಎದುರಿನ ಮಂಚಕ್ಕೆ ತಗಲುತ್ತಿತ್ತು. ಅವನು ಕಾಲು ಬದಲಿಸಬೇಕೆಂದರೆ ನಾನು ಎದ್ದು ನಿಲ್ಲಬೇಕಿತ್ತು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಿಮಗೆ ಹಾಸಿಗೆ ಹಾಸೋಕೇ ಜಾಗ ಇಲ್ವಲ್ಲ ಅಣ್ಣ! ಈ ಬಾಡಿಗೇಲಿ ನಮ್ಮೂರಲ್ಲಿ ಮೂರು ಕೋಣೆ ಸಿಗತ್ತೆ, ಇನ್ನೂ ಕೈಯಲ್ಲಿ ಉಳಿಯತ್ತೆ. ಚದರಡಿಗೆ ಎಷ್ಟು ಬೀಳತ್ತೆ ನೀವೇ ನೋಡಿ."

"ನಮ್ಮ ಬಾಳೇನು ನೆಲಕ್ಕೆ ಹಾಸೋ ಟೈಲ್ಸಾ, ಅಡಿ ಲೆಕ್ಕದಲ್ಲಿ ಅಳೆಯೋಕೆ?" ಎಂದಳು ನನ್ನ ಹೆಂಡತಿ, ಕಿಟಕಿಯ ಹತ್ತಿರದಿಂದ, ತಲೆ ಎತ್ತದೆ.

"ನಗಬೇಡಿ ಅತ್ತಿಗೆ. ನಿಮ್ಮ ತಂಗಿ ಬೆಳಿಗ್ಗೆ ಎದ್ದು ಸ್ನಾನಕ್ಕೆ ಹೋಗ್ತಾಳೆ, ಬರ್ತಾಳೆ. ಯಾರನ್ನೂ ಕೇಳಬೇಕಾಗಿಲ್ಲ. ನೀವು ಬಕೆಟ್ ಹಿಡ್ಕೊಂಡು ಮೂರು ಸಂಸಾರದ ಸಾಲಲ್ಲಿ ನಿಲ್ತೀರಿ."

"ಸಾಲಲ್ಲಿ ನಿಂತ್ರೆ ತಾನೆ ಊರಿನ ಸುದ್ದಿ ಸಿಗೋದು? ನನ್ನ ತಂಗಿಗೆ ನೀನೇ ಇದೀಯ, ಸುದ್ದಿಗೇನು ಬರ!"

ಅವನೂ ನಕ್ಕ. ನಾನೂ ನಕ್ಕೆ. ಆದರೆ ಅವನು ಇಳಿದುಹೋದ ಮೇಲೆ ಆ ಮೂರು ಕೋಣೆ ನನ್ನ ತಲೆಯಲ್ಲೇ ಉಳಿದುಬಿಟ್ಟವು.

ನನ್ನ ಕೆಲಸ ಆ ಕಟ್ಟಡದ ನೆಲಮಹಡಿಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವುದು. ಇಪ್ಪತ್ತಾರು ವರ್ಷ ಒಂದೇ ಮೇಜಿನ ಮುಂದೆ ನಿಂತವನು. ನಿಂತು ನಿಂತು ಮೊಣಕಾಲು ಸವೆದಿತ್ತು. ಸಂಜೆ ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯಲ್ಲಿ ಒಮ್ಮೆ, ಮೂರನೆಯದರಲ್ಲಿ ಒಮ್ಮೆ ಕೂರುತ್ತಿದ್ದೆ. ಸಂಬಳದ ಅರ್ಧ ಬಾಡಿಗೆಗೆ ಹೋಗುತ್ತಿತ್ತು, ಉಳಿದರ್ಧಕ್ಕೆ ಅವಳ ಸಂಪಾದನೆ ಸೇರಿ ಸಂಸಾರ ಕುಂಟುತ್ತಾ ನಡೆಯುತ್ತಿತ್ತು.

ಅವಳು ರಫು ಕೆಲಸದವಳು. ಬೆಲೆಬಾಳುವ ಕೋಟೋ ಶಾಲೋ ಸುಟ್ಟು, ಹರಿದು, ನುಸಿ ತಿಂದು ತೂತಾದರೆ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಎಳೆಯಾಗಿ ದಾರ ಎಳೆದು, ನೇಯ್ಗೆ ಹೇಗಿತ್ತೋ ಹಾಗೇ ಮತ್ತೆ ನೇಯ್ದು ಕೂರಿಸುತ್ತಿದ್ದಳು. ಮುಗಿದ ಮೇಲೆ ತೂತು ಎಲ್ಲಿತ್ತೆಂದು ಬಟ್ಟೆಯ ಯಜಮಾನನೇ ತಡವರಿಸಿ ಹುಡುಕಬೇಕು. ಹೋಟೆಲಿನ ಮ್ಯಾನೇಜರು, ವಾದ್ಯ ನುಡಿಸುವವರು, ವಕೀಲರು ಎಲ್ಲರೂ ಆ ಮೆಟ್ಟಿಲು ಹತ್ತಿ ಬಂದು, ಮಂಚದ ತುದಿಯಲ್ಲಿ ಕೂತು, ಬಟ್ಟೆ ಹರಿದ ಕಥೆ ಹೇಳುತ್ತಿದ್ದರು. ತೂತಿನ ಜೊತೆ ಸಂಸಾರದ ಕಥೆಯೂ ಬರುತ್ತಿತ್ತು. "ನಿಮ್ಮ ಕಥೆಗೆ ಬೇರೆ ದರ," ಎನ್ನುತ್ತಿದ್ದಳು ಅವಳು.

ಕೆಲಸದ ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ದಾರವನ್ನು ಕತ್ತರಿಯಿಂದಲೇ ಕತ್ತರಿಸಬೇಕು. ಒಮ್ಮೆ ನಾನು ಅವಸರಕ್ಕೆ ಹಲ್ಲಲ್ಲಿ ಕಚ್ಚಲು ಹೋದಾಗ ಕೈಗೇ ಹೊಡೆದಿದ್ದಳು. "ಥೂ! ಎಂಜಲು ತಾಗಿದ ಎಳೆ ಬಣ್ಣ ಬಿಡತ್ತೆ. ದಾರ ಕಚ್ಚೋದು ಗುಂಡಿ ಹೊಲಿಯೋರು, ನಾವಲ್ಲ."

ಆ ಕೋಣೆಯಲ್ಲಿ ಇದ್ದ ಒಂದೇ ಸಿರಿ ಎಂದರೆ ಕಿಟಕಿ. ಹೊರಗೆ ರೈಲು ಹಳಿಗಳ ಬಯಲು. ಕಣ್ಣು ಹಾಯುವವರೆಗೂ ಅಡ್ಡ ಒಂದು ಗೋಡೆಯಿಲ್ಲ. ಬೆಳಗಿನಿಂದ ಸಂಜೆವರೆಗೆ ನೆರಳು ಬೀಳದ, ಕಣ್ಣು ಕುಕ್ಕದ ಬೆಳಕು. ಬಲ್ಬಿನ ಬೆಳಕನ್ನು ಅವಳು ನಂಬುತ್ತಿರಲಿಲ್ಲ. "ಬಲ್ಬು ಬಾಯಿಮಾತಿನ ನೆಂಟ ಇದ್ದ ಹಾಗೆ, ಎಲ್ಲದಕ್ಕೂ ಹೂಂ ಅನ್ನತ್ತೆ," ಎನ್ನುವಳು.

ಆರು ತಿಂಗಳು ನಾವಿಬ್ಬರೂ ಅದೇ ಮಾತಾಡಿದೆವು. ತರಕಾರಿ ಹೆಚ್ಚುವಾಗ, ಬಟ್ಟೆ ಒಣಗಿಸುವಾಗ, ಅಲ್ಲಿ ಹೀಗೆ, ಇಲ್ಲಿ ಹಾಗೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ನಾನು ಮೊಣಕಾಲು ಎಂದರೆ ಅವಳು ಗಿರಾಕಿ ಎನ್ನುವಳು. ಕೊನೆಗೆ ಒಂದು ದಿನ, ನಾನು ಮೂರನೇ ಮಹಡಿಯಲ್ಲಿ ಕೂತವನು ಏಳಲಾರದೆ ಹೋದಾಗ ಪಕ್ಕದ ಮನೆಯವರು ತೋಳು ಹಿಡಿದು ಕರೆತಂದ ದಿನ, ಅವಳೇ ಅಂದಳು.

"ಸರಿ, ಹೋಗೋಣ. ನನ್ನದು ಒಂದೇ ಮಾತು. ಬೆಳಕು ನೋಡ್ಕೊಂಡು ಬನ್ನಿ."

ಒಂದು ಹಳೇ ರಟ್ಟಿನ ತುಂಡಿಗೆ ಮೂರು ದಾರ ಸುತ್ತಿ ಕೊಟ್ಟಳು. ಕಪ್ಪು, ಗಾಢ ನೀಲಿ, ಕಡು ಕಂದು. "ಬೆಳಿಗ್ಗೆ ಹತ್ತು ಗಂಟೆಗೆ ಕಿಟಕಿ ಹತ್ರ ಹಿಡೀರಿ. ಯಾವುದು ಯಾವ್ದು ಅಂತ ನಿಮ್ಮ ಕಣ್ಣಿಗೆ ಗೊತ್ತಾದ್ರೆ ಸಾಕು, ನನ್ನ ಕಣ್ಣಿಗೆ ಧಾರಾಳ."

ಹೋದೆ. ರೇಡಿಯೋ ತೋರಿಸಿದ ಮನೆ ನೆಲಮಹಡಿಯದು. ಒಂದು ಮೆಟ್ಟಿಲೂ ಇಲ್ಲ. ಬಾಗಿಲು ತೆಗೆದೊಡನೆ ತಣ್ಣಗಿನ ನೆಲ. ಮೂರು ಕೋಣೆ, ನಮ್ಮದೇ ಬಚ್ಚಲು, ತಿರುಗಿಸಿದರೆ ನೀರು. ನಾನು ಒಂದು ಕೋಣೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸುಮ್ಮನೆ ನಡೆದೆ. ಮನೆಯೊಳಗೆ ನಡೆಯಬಹುದು ಎನ್ನುವುದೇ ನನಗೆ ಮರೆತುಹೋಗಿತ್ತು.

ಆಮೇಲೆ ಕಿಟಕಿ. ತೆಗೆದರೆ ಎರಡು ಮಾರು ಆಚೆ ಪಕ್ಕದ ಕಟ್ಟಡದ ಗೋಡೆ. ಜೇಬಿನಿಂದ ರಟ್ಟು ತೆಗೆದು ಹಿಡಿದೆ. ಗಂಟೆ ಹತ್ತು. ಮೂರೂ ದಾರ ಕಪ್ಪು. ಆಚೆ ತಿರುಗಿಸಿದೆ, ಈಚೆ ತಿರುಗಿಸಿದೆ. ಕಪ್ಪು, ಕಪ್ಪು, ಕಪ್ಪು.

"ಬೇಸಿಗೇಲಿ ತಂಪು ಅಣ್ಣ, ಫ್ಯಾನೇ ಬೇಡ," ಎಂದು ರೇಡಿಯೋ ಹಿಂದಿನಿಂದ ಹೇಳುತ್ತಿದ್ದ.

ಅವಳು ಫೋನಿನಲ್ಲಿ ಕೇಳಿದಳು: "ಗೊತ್ತಾಯ್ತಾ?"

"ಗೊತ್ತಾಯ್ತು," ಎಂದೆ.

ಅಷ್ಟೇ. ಒಂದು ಮಾತು. ಅದನ್ನು ಹೇಳುವಾಗ ನನ್ನ ಕೈ ನನ್ನ ಮೊಣಕಾಲನ್ನು ನೀವುತ್ತಿತ್ತು.

ಆ ಮನೆಗೆ ಬಂದ ಹೊಸದರಲ್ಲಿ ಹಬ್ಬವೋ ಹಬ್ಬ. ಅವಳು ಬೇಕೆಂದಾಗ ಸ್ನಾನ ಮಾಡಿ, "ನೋಡ್ರೀ, ಸಾಲೇ ಇಲ್ಲ, ನಾನೇ ಮೊದಲು ನಾನೇ ಕೊನೆ," ಎಂದು ನಗುತ್ತಿದ್ದಳು. ನಾದಿನಿ ದಿನಾ ಬಂದು, "ಹೇಗಿದೆ ಭಾವ, ಅರಮನೆ?" ಎಂದು ಕೇಳುವಳು. ತರಕಾರಿ ಅಗ್ಗ, ಬಾಡಿಗೆ ಅಗ್ಗ, ಕ್ಷೌರವೂ ಅಗ್ಗ. ಅವಳ ಕೆಲಸವೂ ಅಗ್ಗ ಎನ್ನುವುದು ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಬಾಗಿಲಿಗೆ ಬೋರ್ಡು ಬರೆಸಿ ಹಾಕಿದೆವು. ಜನ ಬಂದರು, ಕೇಳಿದರು. "ಈ ತೂತಿಗೆ ಇಷ್ಟಾ? ಹೊಸ ಶರಟೇ ಬರತ್ತಲ್ಲಮ್ಮ!" ಎಂದು ಹೋದರು. ಸುಳ್ಳಲ್ಲ, ಬರುತ್ತಿತ್ತು. ಆ ಶರಟಿಗೆ ಇಸ್ತ್ರಿ ಹಾಕುತ್ತಿದ್ದವನು ನಾನೇ. ಊರಾಚೆಯ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಹಳೆಯ ಸಂಬಳದ ಅರ್ಧಕ್ಕೆ, ದಿನಕ್ಕೆ ಮುನ್ನೂರು ಶರಟು. ಹಗಲೆಲ್ಲ ನಾನು ಮಡಿಸಿಟ್ಟದ್ದು ಅವಳ ಬಾಗಿಲಿಗೆ ಬಂದವರನ್ನು ವಾಪಸು ಕಳಿಸುತ್ತಿತ್ತು. ಇದನ್ನು ನಾವಿಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಮನೆಯ ಬೆಳಕಿನ ಬಗ್ಗೆ ಅವಳು ಮೊದಲ ವಾರವೇ ಕೇಳಿದ್ದಳು. "ನೀವು ನೋಡ್ದಾಗ ಇಷ್ಟೇ ಬೆಳಕಿತ್ತಾ?"

"ಮೋಡ ಇರಬೇಕು ಕಣೇ. ಆವತ್ತು ಚೆನ್ನಾಗೇ ಇತ್ತು."

ಅವಳು ಮತ್ತೆ ಕೇಳಲಿಲ್ಲ. ಕೇಳದೆ ಇದ್ದುದಕ್ಕೆ ನಾನು ಸಮಾಧಾನಪಟ್ಟುಕೊಂಡೆ. ಅವಳ ಒಳಗೆ ಏನು ನಡೆಯುತ್ತಿತ್ತೆಂದು ನಾನು ಯೋಚಿಸಲೇ ಇಲ್ಲ.

ನಾಲ್ಕನೇ ತಿಂಗಳು ಮೊದಲ ದೊಡ್ಡ ಕೆಲಸ ಬಂತು. ಪಕ್ಕದ ಬೀದಿಯ ಶಾಲೆಯ ಹೆಡ್ ಮಾಸ್ಟರು ಒಂದು ಕೋಟನ್ನು ಮಗುವಿನ ಹಾಗೆ ಎರಡೂ ತೋಳಿನ ಮೇಲೆ ಮಲಗಿಸಿಕೊಂಡು ಬಂದರು. "ನಮ್ಮ ತಂದೇದು. ನಾಡಿದ್ದು ನನಗೆ ನಿವೃತ್ತಿ, ಸಂಜೆ ಸಮಾರಂಭ. ಇದನ್ನೇ ಹಾಕ್ಕೋಬೇಕು ಅಂತ ಆಸೆ. ನುಸಿ ನೋಡಿ ಏನು ಮಾಡಿದೆ."

ಎದೆಯ ಎಡಭಾಗದಲ್ಲಿ ಹೆಬ್ಬೆರಳಿನಷ್ಟು ತೂತು. ಬಟ್ಟೆ ಸಾಧಾರಣದ್ದಲ್ಲ, ಕಪ್ಪು ಮತ್ತು ಗಾಢ ನೀಲಿ ಎಳೆಗಳ ಸಣ್ಣ ಚೌಕುಳಿ. ಎರಡು ಕಪ್ಪು, ಎರಡು ನೀಲಿ, ಅಡ್ಡಕ್ಕೂ ಉದ್ದಕ್ಕೂ. ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. "ಇದು ಬಟ್ಟೆ!" ಎಂದಳು. ಎರಡು ದಿನ ಕಿಟಕಿಗೆ ಅಂಟಿಕೊಂಡು ಕೂತಳು. ಒಳಮಡಿಕೆಯಿಂದ ಎಳೆ ತೆಗೆದು, ಒಂದೊಂದನ್ನೂ ಕಣ್ಣ ಹತ್ತಿರ ಹಿಡಿದು, ಕೂರಿಸಿದಳು.

ಹೆಡ್ ಮಾಸ್ಟರು ಬಂದು ನೋಡಿದರು. ಒಳಗೆ ಕೋಣೆಯಲ್ಲಿ ತೂತೇ ಕಾಣಲಿಲ್ಲ. "ಮಾಯ ಮಾಡಿದೀರಲ್ಲಮ್ಮ!" ಎಂದು ಅಲ್ಲೇ ತೊಟ್ಟುಕೊಂಡು ಬೀದಿಗೆ ಇಳಿದರು. ನಾಲ್ಕು ಹೆಜ್ಜೆ ಹೋಗಿ ನಿಂತರು. ಬಿಸಿಲಿನಲ್ಲಿ ಎದೆ ನೋಡಿಕೊಂಡರು.

"ಅಮ್ಮಾ, ಇಲ್ಲೇನೋ ಮಸಿ ಬಿದ್ದ ಹಾಗಿದೆಯಲ್ಲ?"

ಅವಳು ಓಡಿಹೋದಳು. ಹಿಂದೆ ನಾನು. ಬಿಸಿಲಲ್ಲಿ ಕೋಟಿನ ಮೈಯೆಲ್ಲ ನೀಲಿ ಕಪ್ಪಿನ ಚೌಕುಳಿ. ಎದೆಯ ಮೇಲೆ ಹೆಬ್ಬೆರಳಿನಷ್ಟು ಜಾಗದಲ್ಲಿ ಮಾತ್ರ ಎಳೆಗಳು ದಿಕ್ಕುತಪ್ಪಿ, ಕಪ್ಪಿರಬೇಕಾದಲ್ಲಿ ನೀಲಿ, ನೀಲಿ ಇರಬೇಕಾದಲ್ಲಿ ಕಪ್ಪು. ಒಳಮಡಿಕೆಯಲ್ಲಿ ಇನ್ನೊಮ್ಮೆ ಎಳೆಯಲು ದಾರ ಉಳಿದಿರಲಿಲ್ಲ. ಸಮಾರಂಭ ಅಂದೇ ಸಂಜೆ.

ಆ ಮನುಷ್ಯ ಬೈದಿದ್ದರೆ ಚೆನ್ನಾಗಿತ್ತು. "ಪರವಾಗಿಲ್ಲ ಬಿಡಿ, ಒಂದು ಹೂವು ಸಿಕ್ಕಿಸ್ಕೊಂಡ್ರೆ ಮುಚ್ಚಿಹೋಗತ್ತೆ," ಎಂದು ದುಡ್ಡು ಚಾಚಿದರು. ಇವಳು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಳು.

ಆಮೇಲೆ ನಾನು ಮೆಲ್ಲಗೆ ಶುರುಮಾಡಿದೆ. "ಇಲ್ಲಿ ಬೆಳಕು ಸ್ವಲ್ಪ ಕಮ್ಮಿ ಕಣೇ, ಅದಕ್ಕೇ..."

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದಳು. "ಬೆಳಕಿನ ಮೇಲೆ ಯಾಕೆ ಹಾಕ್ತೀರಿ? ನಿಮ್ಮ ಕಣ್ಣಿಗೇ ಕಂಡಿತ್ತಲ್ಲ, ಇದೇ ಕಿಟಕೀಲಿ. ಬಂದ ದಿನದಿಂದ ನೋಡ್ತಿದೀನಿ, ನನಗೆ ಕಾಣಲ್ಲ. ಹೊರಗೆ ಬಿಸಿಲಿಗೆ ಹಿಡಿದ್ರೆ ಕಾಣತ್ತೆ, ಒಳಗೆ ಇಲ್ಲ. ಬೀದೀಲಿ ಕೂತು ರಫು ಮಾಡೋಕಾಗತ್ತಾ, ಗಾಳಿಗೆ ಎಳೆ ಹಾರಿಹೋಗತ್ತೆ. ಕಣ್ಣು ಹೋಗ್ತಾ ಇದೆ ರೀ. ನಿಮಗೆ ಹೇಳಿದ್ರೆ ಗಾಬರಿ ಆಗ್ತೀರಿ ಅಂತ ಸುಮ್ಮನಿದ್ದೆ."

ಆಗಲೇ ಹೇಳಬೇಕಿತ್ತು.

ನಾದಿನಿಯೂ ರೇಡಿಯೋನೂ ಸೇರಿ ಅವಳನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದರು. "ನಮ್ಮೂರಲ್ಲಿ ಡಾಕ್ಟರೂ ಅಗ್ಗ ಅತ್ತಿಗೆ," ಎಂದು ರೇಡಿಯೋ ದಾರಿಯುದ್ದಕ್ಕೂ ಅವಳನ್ನು ನಗಿಸಲು ನೋಡಿದನಂತೆ. ಡಾಕ್ಟರು ದೀಪ ಬಿಟ್ಟು, ಅಕ್ಷರ ಓದಿಸಿ, ಬಣ್ಣದ ಚುಕ್ಕಿಗಳನ್ನು ತೋರಿಸಿ, ಕಣ್ಣಿಗೆ ಏನೂ ಆಗಿಲ್ಲ, ಕನ್ನಡಕದ ನಂಬರು ಕೂಡ ಬದಲಾಗಿಲ್ಲ ಎಂದರು. ನಾನು ಅದನ್ನು ಕೇಳಿ ಹಗುರಾದೆ. ಒಳ್ಳೆಯ ಸುದ್ದಿಯಲ್ಲವೇ ಎಂದುಕೊಂಡೆ.

ಅವಳು ಮನೆಗೆ ಬಂದು ಸೂಜಿಯ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಳು.

"ಕಣ್ಣು ಸರಿ ಇದ್ರೆ ಹೋಗಿರೋದು ಬುದ್ಧಿ," ಎಂದಳು. "ಅಮ್ಮನಿಗೂ ಹೀಗೇ ಶುರುವಾಗಿದ್ದು. ಮೊದಲು ಉಪ್ಪು ಸಕ್ಕರೆ ಡಬ್ಬಿ ಅದಲು ಬದಲು. ಆಮೇಲೆ ನಾನ್ಯಾರು ತಂಗಿ ಯಾರು ಅಂತಾನೂ ಗೊತ್ತಾಗ್ತಿರಲಿಲ್ಲ."

ಅಂದಿನಿಂದ ಅವಳ ಹೊಸ ಕೆಲಸ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವುದು. ನಾನು ಕಾರ್ಖಾನೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಶುರು. "ಇವತ್ತು ಯಾವ ವಾರ, ನಾನು ಹೇಳ್ತೀನಿ, ಸರಿ ಇದೆಯಾ ನೋಡಿ." "ಹಳೇ ಮನೇಲಿ ಎಷ್ಟು ಮೆಟ್ಟಿಲು? ಅರವತ್ತೆರಡು. ಹೌದಲ್ವಾ?" "ನಮ್ಮ ಹಳೇ ಗಿರಾಕಿ, ಕೊಳಲಿನವರ ಶಾಲು ಯಾವ ಬಣ್ಣ? ತಡೀರಿ, ಹೇಳ್ಬೇಡಿ." ಮೂರು ಕೋಣೆಯ ಮನೆಯಲ್ಲಿ ಅವಳು ಒಂದೇ ಒಂದು ಮೂಲೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು. ಒಲೆಯ ಮೇಲೆ ಹಾಲಿಟ್ಟರೆ ಅದರ ಎದುರೇ ನಿಲ್ಲುವಳು, ಎಲ್ಲಿ ಮರೆತುಬಿಡುತ್ತೇನೋ ಎಂದು. ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡಲು ಶರಟು ತೊಡುತ್ತಿದ್ದಾಗ ಒಂದು ಚೀಟಿ ತಂದು ಕೈಗೆ ಕೊಟ್ಟಳು.

"ಜೇಬಲ್ಲಿ ಇಟ್ಕೊಳ್ಳಿ. ತಂಗಿ ಫೋನ್ ನಂಬರು, ನನಗೆ ಸೇರದ ಔಷಧಿ ಯಾವ್ದು, ಎಲ್ಲ ಬರೆದಿದೀನಿ. ನನಗೆ ನೆನಪಿರೋ ಹೊತ್ತಲ್ಲೇ ಬರೆದಿಡೋಣ ಅಂತ."

ಆ ಚೀಟಿಯ ಅಕ್ಷರ ಒಂದೂ ಡೊಂಕಿರಲಿಲ್ಲ. ಮಂಚದ ಮೇಲೆ ಕೂತೆ.

"ನಿನಗೆ ಏನೂ ಆಗಿಲ್ಲ ಕಣೇ."

"ಸುಮ್ನೆ ಸಮಾಧಾನ ಹೇಳ್ಬೇಡಿ."

"ಸಮಾಧಾನ ಅಲ್ಲ. ಆವತ್ತು ನನಗೂ ಗೊತ್ತಾಗ್ಲಿಲ್ಲ. ಮೂರು ದಾರಾನೂ ಕಪ್ಪಾಗೇ ಕಂಡ್ವು."

ಅವಳು ನನ್ನನ್ನೇ ನೋಡಿದಳು. ಅರ್ಥವಾಗಲು ಹೊತ್ತು ಹಿಡಿಯಿತು. ರಫು ಮಾಡುವವರು ಬಟ್ಟೆಯ ತೂತನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಅದರ ಅಂಚು ಎಲ್ಲಿದೆ ಎಂದು ಹುಡುಕುತ್ತಾರೆ, ಹಾಗಿತ್ತು ಅವಳ ದನಿ.

"ಹತ್ತು ಗಂಟೆಗೇ ಹಿಡಿದ್ರಾ?"

"ಹೂಂ."

"ಈ ಕಿಟಕೀಲೇ?"

"ಹೂಂ."

"ಮತ್ತೆ ಗೊತ್ತಾಯ್ತು ಅಂದ್ರಿ."

"ಮೂರು ಕೋಣೆ ಇತ್ತು," ಎಂದೆ. "ಮೆಟ್ಟಿಲು ಇರಲಿಲ್ಲ."

ಅಳುತ್ತಾಳೆ ಎಂದುಕೊಂಡೆ. ಕೂಗಾಡುತ್ತಾಳೆ ಎಂದುಕೊಂಡೆ. ಅವಳು ನನ್ನ ಕೈಯಿಂದ ಚೀಟಿ ವಾಪಸು ತೆಗೆದುಕೊಂಡು, ನಾಲ್ಕಾಗಿ ಮಡಿಸಿ, ಹಿಡಿದುಕೊಂಡಳು.

"ನಾಲ್ಕು ತಿಂಗಳು ನನ್ನ ಕಣ್ಣನ್ನ ನಾನೇ ನಂಬಲಿಲ್ಲ," ಎಂದಳು. "ನಿಮ್ಮ ಕಣ್ಣನ್ನ ನಂಬಿದ್ದೆ."

ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಫೋನ್ ಮಾಡಿ ಹಳೇ ಮನೆಯವರಿಗೆ. ವಾಪಸು ಹೋಗೋಣ. ನಿಮ್ಮನ್ನ ನಾನೇ ಹತ್ತಿಸ್ತೀನಿ, ಒಂದೊಂದೇ ಮೆಟ್ಟಿಲು," ಎಂದಳು.

ಮಾಡಿದೆ. ಹಳೆಯ ಮನೆಯೊಡತಿ ನನ್ನ ದನಿ ಗುರುತು ಹಿಡಿದು ಖುಷಿಪಟ್ಟರು. ಮೊಣಕಾಲು ಹೇಗಿದೆ ಎಂದು ಕೇಳಿದರು. ಆಮೇಲೆ ವಿಷಯ ಹೇಳಿದರು. ಇವಳು ಎದುರಿಗೆ ನಿಂತು ನನ್ನ ಮುಖವನ್ನೇ ಓದುತ್ತಿದ್ದಳು.

"ಏನಂದ್ರು?"

ಇನ್ನೊಂದು ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ.

"ನಾವು ಬಿಟ್ಟ ವಾರವೇ ಬೇರೆಯವರು ಬಂದ್ರಂತೆ. ಆಸ್ಪತ್ರೆ ನರ್ಸುಗಳು, ಇಬ್ಬರು. ಬಾಡಿಗೆ ನಾವು ಕೊಡ್ತಿದ್ದರ ಎರಡರಷ್ಟು. ನಮ್ಮದು ಹಳೇ ಬಾಡಿಗೆ ಆಗಿತ್ತಂತೆ, ಅವರೇ ಏರಿಸದೆ ಇಟ್ಟಿದ್ರಂತೆ. ನಮ್ಮ ಹಳೇ ಬಾಡಿಗೆಗೆ ಈಗ ಅಲ್ಲಿ ಸಿಗೋದು ಮೆಟ್ಟಿಲ ಕೆಳಗಿನ ಕೋಣೆ ಒಂದೇ."

"ಕಿಟಕಿ ಇದೆಯಾ ಅದಕ್ಕೆ?"

"ಇಲ್ಲ."

ಹೊರಗೆ ಬೀದಿಯಲ್ಲಿ ಯಾರೋ ಗಾಡಿಯಲ್ಲಿ ಹೊಸ ಶರಟು ಮಾರುತ್ತಾ ಕೂಗುತ್ತಿದ್ದರು, ಒಂದು ಕೊಂಡರೆ ಇನ್ನೊಂದು ಬಿಟ್ಟಿ ಎಂದು. ಅವಳು ನಮ್ಮ ಕಿಟಕಿಯ ಕಡೆ ತಿರುಗಿದಳು. ಅದರಾಚೆ ಗೋಡೆ.

"ನರ್ಸುಗಳಿಗೆ ರಾತ್ರಿ ಪಾಳಿ ಇರತ್ತೆ," ಎಂದಳು. "ಹಗಲು ಮಲಗಬೇಕಲ್ಲ. ಕಿಟಕಿಗೆ ದಪ್ಪ ಪರದೆ ಹಾಕಿರ್ತಾರೆ."

ಕಾರ್ಖಾನೆಯ ಹೊತ್ತು ಮೀರುತ್ತಿತ್ತು. ಎದ್ದೆ.

"ನಿಲ್ಲಿ," ಎಂದಳು. "ಶರಟಿನ ಗುಂಡಿ ಬಿದ್ದಿದೆ."

ಕಪಾಟಿನ ಮೇಲಿಂದ ಡಬ್ಬಿ ಇಳಿಸಿದಳು. ಅದರಲ್ಲಿ ಆ ರಟ್ಟು ಹಾಗೇ ಇತ್ತು, ಮೂರು ದಾರ ಸುತ್ತಿಕೊಂಡು. ಕೈಗೆ ಸಿಕ್ಕ ಎಳೆಯನ್ನು ಬಿಚ್ಚಿ, ಯಾವ ಬಣ್ಣವೆಂದು ಕಿಟಕಿಗೆ ಹಿಡಿಯದೆ, ಸೂಜಿಗೆ ಪೋಣಿಸಿದಳು. ನನ್ನ ಬಿಳಿ ಶರಟಿನ ಎದೆಯ ಮೇಲೆ ಗುಂಡಿ ಇಟ್ಟು ನಾಲ್ಕು ಹೊಲಿಗೆ ಹಾಕಿ ಗಂಟು ಕಟ್ಟಿದಳು. ಆಮೇಲೆ ಬಗ್ಗಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು.